ಪ್ಲಾಸ್ಟರ್ ಹಾಕದ ಕೈ

ಅಕ್ಕಲಕೋಟ ರಸ್ತೆ ಎಂಐಡಿಸಿಯ ಟವೆಲ್ ಕಾರಖಾನೆಯ ಕಾರ್ಮಿಕರೊಬ್ಬರು ಈಚೆಗೆ ನನ್ನ ಕಚೇರಿಗೆ ಬಂದಿದ್ದರು. ಅವರ ಎಂಟು ವರ್ಷದ ಮಗ ಓಡುವಾಗ ಅಂಗೈ ಊರಿ ಬಿದ್ದಿದ್ದ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು, ಮೆತ್ತನೆಯ ಪಟ್ಟಿ ಸುತ್ತಿ, ನೋವಿನ ಔಷಧಿ ಕೊಟ್ಟು ಕಳಿಸಿದ್ದರು. “ಎಲುಬು ಮುರದದ ಅಂತ ಅವರ ಹೇಳ್ಯಾರ, ಪ್ಲಾಸ್ಟರ್ ಮಾತ್ರ ಹಾಕಿಲ್ರಿ. ಒಂದು ನೋಟಿಸ್ ಕಳಸ್ರಿ ವಕೀಲಸಾಹೇಬ್ರ” ಎಂದರು.

ಚೀಟಿಯಲ್ಲಿ ‘ಟೋರಸ್’ ಮುರಿತವೆಂದು ಬರೆದಿತ್ತು. ಮಕ್ಕಳ ಎಲುಬು ಮೆದು. ಬಿದ್ದ ಭಾರಕ್ಕೆ ಅದು ಅಮುಕಿ ಒಂದು ಬದಿಗೆ ಉಬ್ಬುತ್ತದೆ. ಎರಡು ತುಂಡಾಗುವುದಿಲ್ಲ, ಜಾಗ ಬಿಟ್ಟು ಸರಿಯುವುದಿಲ್ಲ. ಕೆಲವು ವಾರಗಳಲ್ಲಿ ತಾನಾಗಿಯೇ ಕೂಡುತ್ತದೆ. ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ 4ರಿಂದ 15 ವರ್ಷದ 965 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಗಟ್ಟಿ ಕಟ್ಟು, ಇನ್ನೊಂದಕ್ಕೆ ಬೇಕೆಂದರೆ ಸಾದಾ ಪಟ್ಟಿ. ಮೂರನೆಯ ದಿನದ ನೋವಿನಲ್ಲಾಗಲಿ, ಆರು ವಾರಗಳ ಅವಧಿಯಲ್ಲಿ ಕೈ ಆಡಿಸುವುದರಲ್ಲಾಗಲಿ ಹೇಳುವಂಥ ಅಂತರ ಕಾಣಲಿಲ್ಲ.

ಈ ಮಾತು ಇದೊಂದು ಬಗೆಯ ಮುರಿತಕ್ಕೆ ಮಾತ್ರ. ಕೈ ಸೊಟ್ಟಗಾಗಿದ್ದರೆ, ಎಲುಬು ಹಸಿ ಕಟ್ಟಿಗೆಯಂತೆ ಒಂದು ಬದಿ ಸೀಳಿದ್ದರೆ, ಮೊಣಕೈಗೆ ಪೆಟ್ಟಾಗಿದ್ದರೆ ಲೆಕ್ಕವೇ ಬೇರೆ. ಎಕ್ಸ್‌ರೇ ನೋಡಿ ವೈದ್ಯರೇ ಅದನ್ನು ನಿರ್ಧರಿಸಬೇಕು.

ವೈದ್ಯಲೋಕ ಒಪ್ಪಿದ ಕ್ರಮವನ್ನು ಅನುಸರಿಸಿದ ವೈದ್ಯರನ್ನು, ಬೇರೊಂದು ಕ್ರಮವೂ ಇತ್ತೆಂಬ ಕಾರಣಕ್ಕೇ ನಿರ್ಲಕ್ಷ್ಯದ ಹೊಣೆಗಾರರನ್ನಾಗಿ ಮಾಡಲಾಗದೆಂದು ಸುಪ್ರೀಂ ಕೋರ್ಟು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ. ನೋಟಿಸಿಗೆ ಆಧಾರವಿರಲಿಲ್ಲ, ನನ್ನ ಶುಲ್ಕವೂ ಹೋಯಿತೆನ್ನಿ. ಆದರೂ ಆ ತಂದೆಯ ಸಂಶಯವನ್ನು ನಾನು ಹಗುರವಾಗಿ ಕಾಣಲಾರೆ. ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ಅವಸರದ ಮರಾಠಿಯಲ್ಲಿ. ಪಟ್ಟಿ ಏಕೆ ಸಾಕೆಂದು ಅವರಿಗೆ ತಿಳಿಯುವಂತೆ ಯಾರೂ ಹೇಳಿರಲಿಲ್ಲ.

ನನಗೆ ಹೆದರಿಕೆಯಾದದ್ದು ಅವರ ಮುಂದಿನ ಮಾತಿಗೆ. ಮರುದಿನ ಹಳ್ಳಿಗೆ ಹೋಗಿ ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಲು ಅವರು ಸಿದ್ಧರಾಗಿದ್ದರು. ತಾನಾಗಿ ಕೂಡುವ ಎಲುಬಿಗೆ ಬಿಗಿಕಟ್ಟು ಬಿದ್ದರೆ ರಕ್ತ ಸಂಚಾರ ನಿಂತು, ಕೆಲವೇ ತಾಸುಗಳಲ್ಲಿ ಸ್ನಾಯು ಸಾಯಬಹುದು. ಕೈ ಶಾಶ್ವತವಾಗಿ ಮುರುಟಬಹುದು. ಪ್ಲಾಸ್ಟರೂ ಅತಿ ಬಿಗಿಯಾದರೆ ಇದೇ ಅಪಾಯ. ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ನೋವು ಇಳಿಯುವ ಬದಲು ಏರುತ್ತಿದ್ದರೆ ರಾತ್ರಿಯೆನ್ನದೆ ಆಸ್ಪತ್ರೆಗೆ ಮರಳಬೇಕು.

ಖರ್ಚಿನ ಚಿಂತೆಯೂ ಅವರಿಗಿತ್ತು. ಸಂಬಳದಿಂದ ಇಎಸ್ಐ ವಂತಿಗೆ ಕಡಿತವಾಗುವ ಕಾರ್ಮಿಕರ ಅವಲಂಬಿತ ಮಕ್ಕಳಿಗೂ ಆ ಯೋಜನೆಯಲ್ಲಿ ಚಿಕಿತ್ಸೆಯುಂಟು. ಅವರ ಕಾರ್ಡು ಜೇಬಿನಲ್ಲಿಯೇ ಇತ್ತು.