ಹನ್ನೆರಡು ಪೆಟ್ಟಿನ ಊರಿನಲ್ಲಿ 90 ದಿನ

ನಲವತ್ತಾರರ ಹೆಂಗಸು ಪರದೇಶಕ್ಕೆ ಹೋಗಿ ಕುಣಿತ ಕಲಿತು ಬಂದಳು ಅಂದರೆ ನೀವು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತೀರಿ. ನಗಿ, ಬೇಡ ಅನ್ನೋದಿಲ್ಲ. ಮೊದಲ ದಿನ ನಾನೂ ಹಾಗೇ ನಕ್ಕಿದ್ದೆ.

ಸ್ಪೇನ್ ದೇಶದ ದಕ್ಷಿಣಕ್ಕಿರುವ ಆಂದಲೂಸಿಯ ಪ್ರಾಂತದ ದೊಡ್ಡ ಊರು ಸೆವಿಲ್. ನನ್ನ ತಂಗಿಗೆ ಅಲ್ಲಿ ಕೆಲಸ. "ಅಕ್ಕಾ, ಒಂದು ಸಲ ಬಂದು ಹೋಗೇ" ಅಂತ ಕರೆದೂ ಕರೆದೂ ಸಾಕಾಗಿತ್ತು ಅವಳಿಗೆ. ಕೊನೆಗೂ ಜನವರಿಯಲ್ಲಿ ಹೊರಟೆ. ಪ್ರವಾಸಿ ವೀಸಾದಲ್ಲಿ 90 ದಿನಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ತಾನು ಕೆಲಸಕ್ಕೆ ಹೋದಾಗ ಅಕ್ಕ ಗೋಡೆ ನೋಡುತ್ತಾ ಕೂರಬಾರದು ಅಂತ, ನನ್ನನ್ನು ಒಂದು ಮಾತೂ ಕೇಳದೆ ಫ್ಲಮೆಂಕೊ ನೃತ್ಯಶಾಲೆಗೆ ಸೇರಿಸಿಬಿಟ್ಟಿದ್ದಳು!

ಶಾಲೆ ಇದ್ದದ್ದು ಟ್ರಿಯಾನ ಎಂಬ ಕೇರಿಯಲ್ಲಿ. ಗ್ವಾದಲ್‌ಕಿವಿರ್ ನದಿಗೆ 1852ರಲ್ಲಿ ಕಟ್ಟಿ ಮುಗಿಸಿದ ಕಬ್ಬಿಣದ ಸೇತುವೆ ದಾಟಿದರೆ ಟ್ರಿಯಾನ. ಹಿಂದೆ ಅದು ಕುಂಬಾರರ, ನಾವಿಕರ, ಜಿಪ್ಸಿ ಕಮ್ಮಾರರ ಕೇರಿ. ಈ ಜಿಪ್ಸಿಗಳ ಪೂರ್ವಿಕರು ಸುಮಾರು ಸಾವಿರ ವರ್ಷದ ಹಿಂದೆ ನಮ್ಮ ಉತ್ತರ ಭಾರತದ ಕಡೆಯಿಂದ ಹೊರಟವರು. ಸ್ಪೇನಿಗೆ ಬಂದದ್ದು 15ನೇ ಶತಮಾನದಲ್ಲಿ. ಅವರ ಮಾತಿನಲ್ಲಿ ನೀರಿಗೆ ‘ಪನ್ಯಿ’ ಅಂತಾರೆ ಅಂತ ತಿಳಿದಾಗ ನನಗೆ ಮೈ ಜುಮ್ಮೆಂದಿತು. ಹಾಗಂತ ಫ್ಲಮೆಂಕೊ ನಮ್ಮಿಂದಲೇ ಹೋಯಿತು ಅಂತ ಬೀಗುವ ಹಾಗಿಲ್ಲ. ಅದು ಆ ಮಣ್ಣಿನಲ್ಲೇ ಹಲವು ಜನಗಳ ಹಾಡು ಕೂಡಿ ಬೆಳೆದದ್ದು. 2010ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಟ್ರಿಯಾನದಲ್ಲಿ ಆ ಹಳೆಯ ಜಿಪ್ಸಿ ಮನೆಗಳಿಲ್ಲ. ಕಳೆದ ಶತಮಾನದ ನಡುವಿನಲ್ಲಿ ಆ ಸಂಸಾರಗಳನ್ನು ಎಬ್ಬಿಸಿ ಊರಾಚೆಯ ವಠಾರಗಳಿಗೆ ಕಳಿಸಿದರು. ಹಾಗೆ ಚದುರಿದವರು 1983ರಲ್ಲಿ ಲೋಪೆ ದೆ ವೆಗಾ ರಂಗಮಂದಿರದಲ್ಲಿ ಒಂದಾಗಿ ಹಾಡಿ ಕುಣಿದರು. ಅದರ ಚಿತ್ರ 2013ರಲ್ಲಿ ‘ಟ್ರಿಯಾನ ಪುರ ಇ ಪುರ’ ಎಂಬ ಹೆಸರಿನಲ್ಲಿ ಹೊರಬಂತು. ತಂಗಿ ತೋರಿಸಿದಳು. ವಯಸ್ಸಾದ, ಮೈತುಂಬಿದ ಹೆಂಗಸರು ಎದ್ದು ನಿಂತು ಸೊಂಟ ತಿರುಗಿಸಿದರೆ ಮಂದಿ ಮೈಮರೆಯುತ್ತಾರೆ! ನೋಡಿದ ಮೇಲೆ ನನ್ನ ವಯಸ್ಸಿನ ನೆಪ ಹಾರಿಹೋಯಿತು.

ಕುಣಿತಕ್ಕೆ ಮುಂಚೆ ಚಪ್ಪಾಳೆ ಕಲಿಸುತ್ತಾರೆ. ಅಂಗೈ ಕುಳಿ ಮಾಡಿ ತಟ್ಟಿದರೆ ಮೆಲುದನಿ. ಬೆರಳುಗಳಿಂದ ಅಂಗೈಗೆ ಹೊಡೆದರೆ ಗಟ್ಟಿದನಿ. ಬುಲೆರಿಯ ಎಂಬ ಕುಣಿತಕ್ಕೆ ಹನ್ನೆರಡು ಪೆಟ್ಟು. ನಿಮ್ಮ ಅಡಿಗೆಮನೆ ಗಡಿಯಾರ ನೋಡಿಕೊಳ್ಳಿ: ಹನ್ನೆರಡರಿಂದ ಶುರು, ಹನ್ನೆರಡು, ಮೂರು, ಆರು, ಎಂಟು, ಹತ್ತು ಇವುಗಳ ಮೇಲೆ ಒತ್ತು. ನಮ್ಮ ಭಜನೆಯ ಕೈಗೆ ಒಂದರಿಂದಲೇ ಎಣಿಸುವ ಚಾಳಿ. ಹಾಗಾಗಿ ಎಲ್ಲರೂ ಹನ್ನೆರಡರಲ್ಲಿ, ನಾನೊಬ್ಬಳು ಒಂದರಲ್ಲಿ! ತುದಿಗೂ ಹಿಮ್ಮಡಿಗೂ ಮೊಳೆ ಹೊಡೆದ ಜೋಡು ಬೇರೆ. ತಪ್ಪಿದರೆ ಇಡೀ ಕೋಣೆಗೆ ಕೇಳುತ್ತಿತ್ತು. ಮನೆಗೆ ಬಂದು, ತಂಗಿ ಬೇಯಿಸಿಟ್ಟ ಕಾಬೂಲಿ ಕಡಲೆಗೆ ಪಾಲಕ್ ಹಾಕಿ, ಹುರಿದ ಬೆಳ್ಳುಳ್ಳಿ, ಜೀರಿಗೆ, ಕರಿದ ಬ್ರೆಡ್ಡು ಅರೆದು ಬೆರೆಸುವಾಗಲೂ (ಅದು ಆ ಊರಿನದೇ ಪಲ್ಯ, ನೀವೂ ಮಾಡಿ ನೋಡಿ) ಕಾಲು ನೆಲಕ್ಕೆ ತಟ್ಟುತ್ತಲೇ ಇರುತ್ತಿತ್ತು.

ಪ್ರತಿ ವಾರದ ಕೊನೆಗೆ ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಬೇಕು, ಒಬ್ಬೊಬ್ಬರೇ ನಡುವೆ ಬಂದು ಕುಣಿಯಬೇಕು. ನಾನು ಮಾತ್ರ ಹೋಗುತ್ತಿರಲಿಲ್ಲ. ಮದುವೆಮನೆಗಳಲ್ಲೂ ನಾನು ಬದಿಗೆ ನಿಂತು ತಟ್ಟಿದವಳೇ. ತಾಳ ಸರಿಹೋದ ಮೇಲೂ ಹಾಗೇ ಮೂರು ತಿಂಗಳು ಜಾರಿಸಿಕೊಂಡೆ.

ಕಡೇ ಪಾಠದ ದಿನ ಟೀಚರಮ್ಮ ಏನೂ ಹೇಳಲಿಲ್ಲ. ಬರಿದೇ ನನ್ನ ಕಡೆ ನೋಡಿ ತಟ್ಟುತ್ತಾ ನಿಂತರು. ಎಲ್ಲರೂ ನನಗಾಗಿ ತಟ್ಟತೊಡಗಿದರು. ಹಾಗೆ ನನಗಾಗಿ ಯಾರೂ ತಟ್ಟಿದ್ದು ನೆನಪಿಲ್ಲ. ಕಾಲು ನಡುಗಿತು. ಆದರೂ ಹೋದೆ. ಒಂದು ಹೆಜ್ಜೆ ಮರೆತೇಹೋಯಿತು, ಉಳಿದದ್ದನ್ನು ಹಾಕಿದೆ. ಹತ್ತಕ್ಕೆ ಹಿಮ್ಮಡಿ ಊರಿ ನಿಂತೆ. ಸರಿಯಾಗಿ ಹತ್ತಕ್ಕೇ! "ಓಲೆ!" ಅಂದರು. ತಾಳದಲ್ಲೇ ನಡೆದು ನನ್ನ ಜಾಗಕ್ಕೆ ವಾಪಸು ಬಂದೆ.

ಒಳಗೆ ಹೋಗುವುದಷ್ಟೇ ಅಲ್ಲ, ಚೆನ್ನಾಗಿ ಮುಗಿಸಿ ಹೊರಬರುವುದೂ ಅಲ್ಲಿ ಪಾಠವೇ. ಇನ್ನೂ ಇರಬೇಕು ಅನ್ನಿಸುವಾಗಲೇ ಹತ್ತಕ್ಕೆ ನಿಲ್ಲಬೇಕು. ಹೊರಡುವ ಹಿಂದಿನ ಸಂಜೆ ಅದೇ ಸೇತುವೆ ದಾಟಿದೆ. ಬಂದಾಗ ಬೀದಿಯ ಕಹಿ ಕಿತ್ತಳೆ ಮರಗಳ ತುಂಬ ಹಣ್ಣು. ಈಗ ಬಿಳಿ ಹೂವು, ಊರೆಲ್ಲ ಪರಿಮಳ. ಕಣ್ಣು ತುಂಬಿ ಬಂತು. ಇನ್ನೂ ಒಂದು ತಿಂಗಳು ಸಿಕ್ಕಿದ್ದರೆ ಅಂತ ಒಂದು ಸಲವೂ ಅನ್ನಿಸಲಿಲ್ಲ ಅಂದರೆ ಸುಳ್ಳಾದೀತು. ಆದರೂ ಸೂಟ್‌ಕೇಸಿನಲ್ಲಿ ಜೋಡನ್ನು ಎಲ್ಲಕ್ಕಿಂತ ಕೆಳಗೆ, ಹಳೇ ಸೀರೆಯಲ್ಲಿ ಸುತ್ತಿಟ್ಟೆ.

ಮನೆಗೆ ಬಂದಾಯಿತು. ಮೊನ್ನೆ ಸೋದರ ಸೊಸೆಯ ಮದುವೆಯಲ್ಲಿ ಹುಡುಗಿಯರು ಕೈ ಹಿಡಿದು ಎಳೆದರು. "ಅಯ್ಯೋ, ನನಗೆಲ್ಲಿ ಬರುತ್ತೆ" ಅನ್ನಲು ಬಾಯಿ ತೆರೆದವಳು, ಅನ್ನಲಿಲ್ಲ. ಹೋದೆ.