ಮಂಜೇಶ್ವರ: ಒಂದು ಕ್ಷೇತ್ರದ ಎಲ್ಲೆಗಳು

ನದಿಯ ದಡವನ್ನು ನಿಸರ್ಗವು ನಿರ್ಮಿಸುತ್ತದೆ. ಚುನಾವಣಾ ಕ್ಷೇತ್ರದ ಎಲ್ಲೆಯನ್ನಾದರೋ ಮನುಷ್ಯನು ಜನಗಣತಿಯ ಅಂಕೆಗಳನ್ನು ಮುಂದಿಟ್ಟುಕೊಂಡು ಎಳೆಯುತ್ತಾನೆ. ಕಾಸರಗೋಡಿನ ಕನ್ನಡಿಗರಾದ ನಾವು ಇಂತಹ ಗೆರೆಗಳ ನಡುವೆಯೇ ಬಾಳಿದವರು.

1952ರಲ್ಲಿ ನಮ್ಮ ಹಿರಿಯರು ಮತವಿತ್ತುದು ಮದರಾಸಿನ ವಿಧಾನಸಭೆಗೆ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. 1957ರಲ್ಲಿ ಅದೇ ಹಿರಿಯರು ತಿರುವನಂತಪುರದ ಸಭೆಗೆ ಪ್ರತಿನಿಧಿಯನ್ನು ಕಳುಹಿಸಬೇಕಾಯಿತು. ಮನೆ ಬದಲಾಗಲಿಲ್ಲ, ಗದ್ದೆ ಬದಲಾಗಲಿಲ್ಲ, ರಾಜಧಾನಿ ಬದಲಾಯಿತು. ಆ ವರ್ಷ ಮಂಜೇಶ್ವರದಿಂದ ಎಂ. ಉಮೇಶ ರಾಯರು ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. 1960ರಲ್ಲಿಯೂ 1967ರಲ್ಲಿಯೂ ಕೆ. ಮಹಾಬಲ ಭಂಡಾರಿಯವರು ಗೆದ್ದರು. 1967ರಲ್ಲಿಯೇ ಮಹಾಜನ ಆಯೋಗವು ಚಂದ್ರಗಿರಿ, ಪಯಸ್ವಿನಿ ನದಿಗಳ ಉತ್ತರಭಾಗವು ಮೈಸೂರಿಗೆ ಸೇರತಕ್ಕದ್ದೆಂದು ಶಿಫಾರಸು ಮಾಡಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ.

ರಾಜ್ಯದ ಗಡಿ ಕದಲದಿದ್ದರೂ ಕ್ಷೇತ್ರಗಳ ಲೆಕ್ಕ ಬದಲಾಗುತ್ತ ಬಂದಿತು. ಕೇರಳದ ಸಭೆಯ ಸ್ಥಾನಗಳು 1957ರಲ್ಲಿ 126, 1965ರಲ್ಲಿ 133, 1977ರಲ್ಲಿ 140 ಆದವು. 2001ರ ಜನಗಣತಿಯನ್ನು ಆಧರಿಸಿ 2008ರಲ್ಲಿ ಹೊರಬಿದ್ದ ಪುನರ್ವಿಂಗಡಣೆಯಂತೆ ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಮಂಗಲ್ಪಾಡಿ, ಕುಂಬಳೆ, ಪುತ್ತಿಗೆ, ಎಣ್ಮಕಜೆ ಎಂಬ 8 ಪಂಚಾಯತುಗಳು ಒಂದು ಕ್ಷೇತ್ರವಾದವು. ಬದಿಯಡ್ಕ, ಬೆಳ್ಳೂರು, ಕುಂಬ್ಡಾಜೆ, ಮಧೂರು, ಕಾರಡ್ಕಗಳು ಕಾಸರಗೋಡು ಕ್ಷೇತ್ರದೊಳಗಾದವು. ದೇಲಂಪಾಡಿ ಉದುಮಕ್ಕೆ ಸೇರಿತು. ಹೀಗೆ ಕನ್ನಡದ ಊರುಗಳು ಮೂರು ಪಾಲಾಗಿವೆ.

ಇದರಲ್ಲಿ ಯಾರದಾದರೂ ದ್ವೇಷವನ್ನು ಹುಡುಕುವುದು ಸರಿಯಲ್ಲ. ಪುನರ್ವಿಂಗಡಣೆಯ ಶಾಸನವು ಜನಸಂಖ್ಯೆ, ಭೂಲಕ್ಷಣ, ಆಡಳಿತದ ಎಲ್ಲೆ, ಸಂಚಾರಸೌಕರ್ಯ, ಜನರ ಅನುಕೂಲ ಇವನ್ನು ನೋಡೆನ್ನುತ್ತದೆ, ಭಾಷೆಯನ್ನು ನೋಡೆನ್ನುವುದಿಲ್ಲ. ಆದುದರಿಂದ ಭಾಷೆಯ ರಕ್ಷಣೆಯನ್ನು ಗೆರೆಗೆ ಒಪ್ಪಿಸಿ ನಾವು ನಿಶ್ಚಿಂತರಾಗಿರುವಂತಿಲ್ಲ.

2016ರಲ್ಲಿ ಮಂಜೇಶ್ವರದ ಫಲಿತಾಂಶವು ಕೇವಲ 89 ಮತಗಳಿಂದ ನಿರ್ಣಯವಾಯಿತು. ಒಂದು ಶಾಲೆಯ ಎರಡು ತರಗತಿಗಳ ಮಕ್ಕಳಷ್ಟು ಮತಗಳು! 2021ರಲ್ಲಿ ಇಲ್ಲಿಂದ ಗೆದ್ದ ಎ.ಕೆ.ಎಂ. ಅಶ್ರಫರು ಸಭೆಯಲ್ಲಿ ಕನ್ನಡದಲ್ಲಿಯೇ ಪ್ರಮಾಣವಚನ ಸ್ವೀಕರಿಸಿದರು. ಯಾವ ಪಕ್ಷದವರೇ ಗೆಲ್ಲಲಿ, ಕನ್ನಡ ಬಲ್ಲ ಮತದಾರರಿರುವವರೆಗೆ ಆ ಸಭೆಯಲ್ಲಿ ಕನ್ನಡದ ನುಡಿಗೆ ಎಡೆಯುಂಟು. ಅಂತಹ ಮತದಾರರು ಸಿದ್ಧರಾಗುವುದು ನಮ್ಮ ತರಗತಿಗಳಲ್ಲಿ. ಎಲ್ಲೆಯನ್ನು ಆಯೋಗಗಳು ಎಳೆಯಲಿ. ಅದರೊಳಗಿನ ಅಕ್ಷರವನ್ನು ನಾವು ತಿದ್ದಿಸೋಣ.