ಹೆಂಚಿನ ಮಾಡಿನ ಮೇಲೆ ಹತ್ತಿಯ ಹಿಮ

ಡಿಸೆಂಬರ್ ಅರ್ಧ ದಾಟಿತೆಂದರೆ ಮಂಗಳೂರಿನ ಮನೆಗಳ ಮುಂದೆ ನಕ್ಷತ್ರಗಳು ತೂಗುತ್ತವೆ. ಕಾಗದದವು, ಪ್ಲಾಸ್ಟಿಕ್‌ನವು, ಬಿದಿರು ಸೀಳಿ ಮನೆಯಲ್ಲೇ ಕಟ್ಟಿದವು. ಸುದ್ದಿಗೆಂದು ಬೈಕಿನಲ್ಲಿ ಸುತ್ತುವ ನಮಗೆ ಕೆಲವು ಅಲಂಕಾರ ಕಂಡರೆ ನಿಲ್ಲದೆ ಮುಂದೆ ಹೋಗಲು ಆಗುವುದಿಲ್ಲ.

ಬೆಂದೂರಿನ ಒಂದು ಅಂಗಳದಲ್ಲಿ ಹಳೇ ಸ್ಕೂಟರ್ ಟಯರ್‌ಗಳಿಗೆ ಬಿಳಿ ಬಣ್ಣ ಬಳಿದು, ಪೇರಿಸಿ, ಹಿಮದ ಗೊಂಬೆ ಮಾಡಿದ್ದರು. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ! ಕಂಕನಾಡಿಯ ಅಂಗಡಿಯೊಂದರ ಮುಂದೆ ಗಾಳಿ ತುಂಬಿದ ಸಾಂತಾಕ್ಲಾಸ್. ಕರೆಂಟ್ ಹೋದಾಗಲೆಲ್ಲ ಮುದುಡಿ ಮಲಗುತ್ತಾನೆ, ಬಂದ ಕೂಡಲೇ ಎದ್ದು ನಿಲ್ಲುತ್ತಾನೆ.

ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ ಇಲ್ಲಿ ಗೋದಲಿ ಎನ್ನುತ್ತಾರೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆ ತರಿಸಿ ಆ ದೃಶ್ಯವನ್ನು ಜನರಿಗೆ ಕಣ್ಣಾರೆ ತೋರಿಸಿದರು. ಮಂಗಳೂರಿಗೆ ಬರುವಷ್ಟರಲ್ಲಿ ಅದಕ್ಕೆ ನಮ್ಮ ಬೈಹುಲ್ಲು, ನಮ್ಮ ಹೆಂಚಿನ ಮಾಡು, ರಾಗಿ ಮೊಳಕೆಯ ಹಸಿರು ಗದ್ದೆ. ಮಾಡಿನ ಮೇಲೆ ಮಾತ್ರ ಹತ್ತಿಯ ಹಿಮ!

ಬೆವರು ಒರೆಸಿಕೊಳ್ಳುತ್ತಾ ಕೇಳಿದೆವು, "ಈ ಸೆಖೆಯಲ್ಲಿ ಹಿಮ ಎಲ್ಲಿಂದ ಬಂತು ಬಾಯಮ್ಮ?"

"ಬೆತ್ಲೆಹೇಮಲ್ಲಿ ಹಿಮ ಇತ್ತೋ ಇಲ್ಲವೋ, ನಂಗೆ ಗೊತ್ತುಂಟಾ? ಮಕ್ಕಳಿಗೆ ಬೇಕಂತೆ, ಇರ್ಲಿ. ಆದ್ರೆ ಗದ್ದೆ ನೋಡಿ, ಅದು ನಮ್ದಲ್ಲ. ಪಕ್ಕದ ಮನೆ ಆಚಾರಿಯವರ ಹುಡುಗಿ ಗೆರಟೆಯಲ್ಲಿ ಬಿತ್ತಿ ಕೊಟ್ಟದ್ದು. ಪ್ರತಿ ವರ್ಷ ಅವಳದ್ದೇ ಬೆಳೆ."

ಆ ಮನೆಗೆ ಪ್ರತಿಯಾಗಿ ಕುಸ್ವಾರ್ ತಟ್ಟೆ ಹೋಗುತ್ತದಂತೆ. ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ಚಕ್ಕುಲಿ ಇರುತ್ತವೆ. ಯಾರೂ ಭಾಷಣ ಮಾಡುವುದಿಲ್ಲ, ಸೌಹಾರ್ದ ಎಂಬ ಬ್ಯಾನರ್ ಕಟ್ಟುವುದಿಲ್ಲ. ಗೆರಟೆ ಈಚೆ ಬರುತ್ತದೆ, ತಟ್ಟೆ ಆಚೆ ಹೋಗುತ್ತದೆ.

ನಮ್ಮ ಕರಾವಳಿ ದೊಡ್ಡ ಸುದ್ದಿಯಾಗುವುದು ಹೆಚ್ಚಾಗಿ ಗಲಾಟೆಯಾದಾಗ. ಎಲ್ಲೋ ಕಲ್ಲು ಬಿತ್ತೆಂದರೆ ಡೆಸ್ಕಿನಿಂದ ನಾಲ್ಕು ಸಲ ಫೋನ್. ಗೆರಟೆಯ ರಾಗಿ ಕಂಪೌಂಡ್ ದಾಟಿದ್ದನ್ನು ಕಳುಹಿಸಿದರೆ, "ಇದರಲ್ಲಿ ಸುದ್ದಿ ಎಲ್ಲಿದೆ?" ಎಂಬ ಪ್ರಶ್ನೆ. ನಮಗೆ ದುಡ್ಡು ಸಿಗುವುದು ಅಚ್ಚಾದ ವರದಿಗೆ ಮಾತ್ರ. ಹಾಗಾಗಿ ಕಲ್ಲಿಗೆ ಬೆಲೆ ಉಂಟು, ಮೊಳಕೆಗೆ ಇಲ್ಲ.

ಹೊರಗಿನವರು ನಮ್ಮ ಜಿಲ್ಲೆಯನ್ನು ಅಚ್ಚಾದದ್ದರಿಂದಲೇ ಅಳೆಯುತ್ತಾರೆ. ಬರಬರುತ್ತಾ ಇಲ್ಲಿಯವರೂ ಅದನ್ನೇ ನಂಬಿ, ಪಕ್ಕದ ಮನೆಯನ್ನು ಅನುಮಾನದಿಂದ ನೋಡತೊಡಗುತ್ತಾರೆ. ನಮಗಿರುವ ಭಯ ಅದೇ.

ನಿಮ್ಮೂರಲ್ಲೂ ಇಂಥದ್ದು ಇರುತ್ತದೆ. ಉರೂಸಿಗೆ ಬಾಳೆಗೊನೆ ಕೊಡುವವರು, ಗಣಪತಿಯ ಪೆಂಡಾಲಿಗೆ ಲೈಟು ಎಳೆಯುವವರು. ಗಲಾಟೆಯ ವಿಡಿಯೊ ಹೇಗೂ ನಿಮ್ಮ ಫೋನಿಗೆ ಬಂದೇ ಬರುತ್ತದೆ. ಇದರದ್ದೂ ಒಂದು ಫೋಟೊ ತೆಗೆದು, ಅವರನ್ನು ಕೇಳಿ, ನಾಲ್ಕು ಜನರಿಗೆ ಕಳುಹಿಸಿ.